ಪದವಿಯ ನಂತರ ವಿಶೇಷ ಶಿಕ್ಷಕರಾಗುವುದು ಹೇಗೆ: ವಿಭಾಗದ ಆಯ್ಕೆಯಿಂದ ಆರ್‌ಸಿಐ ನೋಂದಣಿಯವರೆಗೆ

ಕಿವಿ ಕೇಳಿಸದ, ಕಣ್ಣು ಕಾಣದ, ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಅಥವಾ ಆಟಿಸಂ ಇರುವ ಮಕ್ಕಳಿಗೆ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಯಸುವವರಿಗೆ ನಮ್ಮ ದೇಶದಲ್ಲಿ ಕಾನೂನಿನ ಒಂದು ಸ್ಪಷ್ಟವಾದ ಷರತ್ತಿದೆ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಎಲ್ಲರೂ ಆರ್‌ಸಿಐ ಎಂದು ಕರೆಯುವ ಸಂಸ್ಥೆ, ಮಾನ್ಯ ಮಾಡಿದ ಕೋರ್ಸನ್ನು ಮುಗಿಸಿ, ಆ ಮಂಡಳಿಯ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿಕೊಂಡಿರಬೇಕು. 1992ರ ಆರ್‌ಸಿಐ ಕಾಯ್ದೆಯ 13ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿಯಲ್ಲಿ ತೊಡಗುವುದು ಒಂದು ವರ್ಷದವರೆಗಿನ ಸೆರೆವಾಸಕ್ಕೋ ದಂಡಕ್ಕೋ ಗುರಿಪಡಿಸಬಹುದಾದ ಅಪರಾಧ. ವರ್ಷಗಟ್ಟಲೆ ಅನುಭವವಿದೆ ಎಂಬುದಾಗಲಿ, ಸಾಮಾನ್ಯ ಬಿ.ಎಡ್. ಪದವಿ ಇದೆ ಎಂಬುದಾಗಲಿ ಈ ನೋಂದಣಿಗೆ ಬದಲಿಯಾಗುವುದಿಲ್ಲ.

ಈ ಶಿಕ್ಷಕರ ಅಗತ್ಯವನ್ನು ಕಾನೂನೇ ಒಪ್ಪಿಕೊಂಡಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಎತ್ತಿಹಿಡಿಯಿತು. 2025ರಲ್ಲಿ ಅದೇ ಪ್ರಕರಣದಲ್ಲಿ ಹುದ್ದೆಗಳನ್ನು ಅಧಿಸೂಚಿಸುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂದಿತೆಂದರೆ, ಆದೇಶಕ್ಕೂ ತರಗತಿಗೂ ನಡುವಿನ ದೂರ ಎಷ್ಟಿದೆ ಎಂಬುದು ಗೊತ್ತಾಗುತ್ತದೆ.

ಕೋರ್ಸಿನ ಪೂರ್ಣ ಹೆಸರು ಬಿ.ಎಡ್. ವಿಶೇಷ ಶಿಕ್ಷಣ. 2015ರಿಂದ ಇದು ಎರಡು ವರ್ಷಗಳ, ನಾಲ್ಕು ಸೆಮಿಸ್ಟರ್‌ಗಳ ವ್ಯಾಸಂಗ. ಯಾವುದಾದರೂ ಪದವಿಯಲ್ಲಿ ಕನಿಷ್ಠ ಶೇಕಡ 50 ಅಂಕ ಪಡೆದವರು ಅರ್ಜಿ ಹಾಕಬಹುದು. ಮೀಸಲು ವರ್ಗಗಳಿಗೆ ನಿಯಮದಂತೆ ಸಡಿಲಿಕೆ ಇರುತ್ತದೆ. ಪಿಯುಸಿ ನಂತರವೇ ಸೇರಬಹುದಾದ ಡಿ.ಎಡ್. ವಿಶೇಷ ಶಿಕ್ಷಣವೂ, ಮುಂದೆ ಶಿಕ್ಷಕರಿಗೆ ತರಬೇತಿ ಕೊಡಬಯಸುವವರಿಗೆ ಎಂ.ಎಡ್. ವಿಶೇಷ ಶಿಕ್ಷಣವೂ ಇದೆ. ಪದವೀಧರರಿಗೆ ನೇರವಾದ ಹೆಬ್ಬಾಗಿಲು ಮಾತ್ರ ಬಿ.ಎಡ್.

ಅರ್ಜಿ ನಮೂನೆ ಕೈಗೆ ಬಂದೊಡನೆ ಎದುರಾಗುವ ಪ್ರಶ್ನೆ ಯಾವ ವಿಭಾಗ ಎಂಬುದು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಆಟಿಸಂ, ಬಹುವಿಧ ಅಂಗವೈಕಲ್ಯ ಹೀಗೆ ಹಲವು ವಿಶೇಷ ವಿಭಾಗಗಳಿವೆ. ನಿಮ್ಮ ನೋಂದಣಿಯೂ ಆಯಾ ವಿಭಾಗದ ಅರ್ಹತೆಯ ಮೇಲೆಯೇ ನಿಲ್ಲುತ್ತದೆ. ಹತ್ತಿರದ ಕಾಲೇಜಿನಲ್ಲಿ ಯಾವುದು ಸಿಗುತ್ತದೆಯೋ ಅದನ್ನು ಆರಿಸಿಕೊಳ್ಳುವವರು ಬಹಳ ಮಂದಿ. ಇದು ಈ ಹಾದಿಯಲ್ಲಿ ಮಾಡಬಹುದಾದ ಅತ್ಯಂತ ದುಬಾರಿ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಈ ಕೆಲಸಗಳ ಸ್ವರೂಪ ಒಂದಕ್ಕೊಂದು ಹೋಲುವುದೇ ಇಲ್ಲ. ಶ್ರವಣದೋಷದ ಮಕ್ಕಳ ತರಗತಿಯಲ್ಲಿ ದಿನದ ಬಹುಪಾಲು ಶ್ರಮ ಭಾಷೆಯನ್ನು ಕಟ್ಟುವುದರಲ್ಲೇ ಕಳೆಯುತ್ತದೆ. ಶ್ರವಣ ಸಾಧನದ ಬ್ಯಾಟರಿ ನೋಡುವುದರಿಂದ ಹಿಡಿದು ಭಾರತೀಯ ಸಂಜ್ಞಾ ಭಾಷೆಯಲ್ಲಿ ಕಥೆ ಹೇಳುವುದರವರೆಗೆ ಎಲ್ಲವೂ ಶಿಕ್ಷಕರ ಪಾಲಿಗೆ ಬರುತ್ತದೆ. ಬೌದ್ಧಿಕ ಅಂಗವೈಕಲ್ಯದ ಮಕ್ಕಳೊಂದಿಗೆ ಒಂದು ಕೌಶಲ್ಯಕ್ಕೆ ತಿಂಗಳುಗಳು ಬೇಕಾಗಬಹುದು. ಕಲಿಕಾ ನ್ಯೂನತೆಯಿರುವ ಮಗು ಮಾತಿನಲ್ಲಿ ಚುರುಕಾಗಿದ್ದು, ಪುಟ ತೆರೆದ ಕೂಡಲೇ ಮಂಕಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಕನಿಷ್ಠ ಎರಡು ಬೇರೆ ಬೇರೆ ಬಗೆಯ ವಿಶೇಷ ಶಾಲೆಗಳಲ್ಲಿ, ಮುಖ್ಯ ಶಿಕ್ಷಕರ ಅನುಮತಿ ಪಡೆದು, ಒಂದೊಂದು ವಾರವಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿರಿ. ವಾರದ ಕೊನೆಗೆ ಯಾವ ಮಕ್ಕಳ ಬಳಿಗೆ ಮರಳಿ ಹೋಗಬೇಕೆನಿಸುತ್ತದೆಯೋ ಅದನ್ನು ಗಮನಿಸಿರಿ.

ಕನ್ನಡದಲ್ಲಿ ಪಾಠ ಹೇಳುವವರು ಇನ್ನೊಂದು ವಿಷಯವನ್ನೂ ಮನಸ್ಸಿನಲ್ಲಿಡಬೇಕು. ಪಠ್ಯಗಳೂ ಪರೀಕ್ಷಣ ಸಾಧನಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಓದಲಾಗದ ಮಗುವಿಗಾಗಿ ರೂಪಿಸಿದ ವಿಧಾನವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಫಲ ಸಿಗುವುದಿಲ್ಲ, ಏಕೆಂದರೆ ನಮ್ಮ ಮಕ್ಕಳು ಎಡವುವುದು ಹ್ರಸ್ವ ದೀರ್ಘಗಳ ಗುಣಿತದಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಮತ್ತು ಒತ್ತಕ್ಷರಗಳಲ್ಲಿ. ಬ್ರೈಲ್ ಕಲಿಸುವವರಿಗೂ ಇದು ಅನ್ವಯಿಸುತ್ತದೆ: ಮುದ್ರಣದಲ್ಲಿ ಅಕ್ಷರದ ಕೆಳಗೆ ಬರುವ ಒತ್ತು, ಆರು ಚುಕ್ಕಿಗಳ ಭಾರತಿ ಬ್ರೈಲ್‌ನಲ್ಲಿ ಒಂದೇ ಸಾಲಿನಲ್ಲಿ, ಮೊದಲು ಹಲಂತದ ಚುಕ್ಕಿ ಇಟ್ಟು ನಂತರ ವ್ಯಂಜನಗಳನ್ನು ಬರೆಯುವ ಕ್ರಮದಲ್ಲಿ ಬರುತ್ತದೆ. ಕೋರ್ಸಿನ ಮೊದಲ ದಿನದಿಂದಲೇ ಕನ್ನಡದ ಉದಾಹರಣೆಗಳನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ ಮುಂದೆ ಅದಕ್ಕಿಂತ ಉಪಯುಕ್ತ ಸಾಮಗ್ರಿ ನಿಮಗೆ ಸಿಗದು.

ಕಾಲೇಜನ್ನು ಆರಿಸುವಾಗ ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಆರ್‌ಸಿಐ ಅನುಮೋದನೆಯನ್ನು ನೋಡಬೇಕು. ಅನುಮೋದನೆ ದೊರೆಯುವುದು ಇಡೀ ಸಂಸ್ಥೆಗಲ್ಲ. ಇಂಥ ಕೋರ್ಸಿಗೆ, ಇಂಥ ವಿಭಾಗಕ್ಕೆ, ಇಷ್ಟು ಅವಧಿಗೆ, ಇಷ್ಟು ಸೀಟುಗಳಿಗೆ ಎಂದು ನಿರ್ದಿಷ್ಟವಾಗಿ ದೊರೆಯುತ್ತದೆ. ಶುಲ್ಕ ಕಟ್ಟುವ ಮುನ್ನ ಮಂಡಳಿಯ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಈ ನಾಲ್ಕನ್ನೂ ನೀವೇ ಹೋಲಿಸಿ ನೋಡಿರಿ. ಕಚೇರಿಯವರ ಬಾಯಿಮಾತಿನ ಭರವಸೆ ನೋಂದಣಿಯ ಸಮಯದಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ. ಕರ್ನಾಟಕದವರಿಗೆ ಶ್ರವಣದೋಷ ವಿಭಾಗದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇರುವ ದೊಡ್ಡ ಅನುಕೂಲ. ಇದಲ್ಲದೆ ಬೌದ್ಧಿಕ ಅಂಗವೈಕಲ್ಯಕ್ಕೆ ಸಿಕಂದರಾಬಾದಿನಲ್ಲಿ, ಬಹುವಿಧ ಅಂಗವೈಕಲ್ಯಕ್ಕೆ ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ, ದೃಷ್ಟಿದೋಷಕ್ಕೆ ಡೆಹ್ರಾಡೂನಿನಲ್ಲಿ ರಾಷ್ಟ್ರೀಯ ಸಂಸ್ಥೆಗಳಿವೆ. ದೂರಶಿಕ್ಷಣದಲ್ಲಿ ಓದಲೇಬೇಕಾದವರು ಆ ಕಾರ್ಯಕ್ರಮಕ್ಕೂ ಅನುಮೋದನೆ ಇದೆಯೇ ಎಂಬುದನ್ನು ಹಾಗೆಯೇ ಪರಿಶೀಲಿಸಬೇಕು. ಕಾಲೇಜಿಗೆ ಭೇಟಿ ಕೊಟ್ಟಾಗ ಕೇಳಬೇಕಾದ ಒಂದೇ ಪ್ರಶ್ನೆಯನ್ನು ನಾನು ಸೂಚಿಸುವುದಾದರೆ ಅದು ಹೀಗಿರುತ್ತದೆ: ಪ್ರಾಯೋಗಿಕ ತರಬೇತಿ ಯಾವ ಶಾಲೆಯಲ್ಲಿ ನಡೆಯುತ್ತದೆ ಮತ್ತು ಅಲ್ಲಿ ನಮ್ಮ ಪಾಠವನ್ನು ಯಾರು ಕುಳಿತು ನೋಡುತ್ತಾರೆ?

ತರಗತಿಯ ಓದಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಗುವಿನ ಬೆಳವಣಿಗೆ, ಕಲಿಕೆ ಮತ್ತು ಮೌಲ್ಯಮಾಪನ, ಶಾಲಾ ವಿಷಯಗಳ ಬೋಧನಾ ಕ್ರಮ, ಸಮನ್ವಯ ಶಿಕ್ಷಣ (ಅಂಗವೈಕಲ್ಯವಿರುವ ಮಕ್ಕಳಿಗೆ ಉಳಿದ ಮಕ್ಕಳೊಂದಿಗೆ ಒಂದೇ ತರಗತಿಯಲ್ಲಿ ಕಲಿಸುವುದು) ಇವು ಎಲ್ಲರಿಗೂ ಸಮಾನ. ಉಳಿದ ಅಂಗವೈಕಲ್ಯಗಳ ಪರಿಚಯವೂ ಎಲ್ಲರಿಗೂ ಇದೆ. ನಿಮ್ಮ ವಿಭಾಗದಲ್ಲಿ ಮಾತ್ರ ಗುರುತಿಸುವಿಕೆ, ಪಠ್ಯದ ಹೊಂದಾಣಿಕೆ, ಬೋಧನಾ ತಂತ್ರ, ತಂತ್ರಜ್ಞಾನ ಮತ್ತು ಕುಟುಂಬದ ಸಮಸ್ಯೆಗಳನ್ನು ಆಳವಾಗಿ ಓದುತ್ತೀರಿ.

ವಿಶೇಷ ಶಿಕ್ಷಕರು ನಿಜವಾಗಿ ರೂಪುಗೊಳ್ಳುವುದು ಪ್ರಾಯೋಗಿಕ ಅವಧಿಯಲ್ಲಿ, ಅದರಲ್ಲೂ ಒಂದು ಮಗುವಿಗಾಗಿ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ. ಎಲ್ಲರೂ ಐಇಪಿ ಎಂದು ಕರೆಯುವ ಈ ದಾಖಲೆಯನ್ನು ಹಿಂದಿನ ವರ್ಷದವರ ಕಡತದಿಂದ ನಕಲು ಮಾಡಿ ಒಪ್ಪಿಸುವ ಪ್ರಲೋಭನೆ ಎಲ್ಲ ಕಡೆಯೂ ಇರುತ್ತದೆ. ಅದಕ್ಕೆ ಮಣಿದವರು ಎರಡು ವರ್ಷಗಳನ್ನು ಪೂರ್ತಿಯಾಗಿ ಕಳೆದುಕೊಂಡಂತೆಯೇ. ಯೋಜನೆಯ ಮೊದಲ ಹೆಜ್ಜೆ ಮಗು ಈಗ ಏನನ್ನು ಮಾಡಬಲ್ಲದು ಎಂಬುದನ್ನು ದಾಖಲಿಸುವುದು. ಇದಕ್ಕೆ ಬೌದ್ಧಿಕ ಅಂಗವೈಕಲ್ಯದಲ್ಲಿ ಕ್ರಿಯಾತ್ಮಕ ಮೌಲ್ಯಮಾಪನ ಪಟ್ಟಿ, ಕಲಿಕಾ ನ್ಯೂನತೆಯಲ್ಲಿ ನಿಮ್ಹಾನ್ಸ್ ಸೂಚಿ, ಆಟಿಸಂನಲ್ಲಿ 40 ಅಂಶಗಳ ಭಾರತೀಯ ಮಾಪಕ ಮುಂತಾದ ಸಾಧನಗಳಿವೆ. ಆದರೆ ಪಟ್ಟಿ ತುಂಬುವ ಮೊದಲು ಮಗುವನ್ನು ಊಟದ ಹೊತ್ತಿನಲ್ಲಿ, ಆಟದ ಮೈದಾನದಲ್ಲಿ, ತಾಯಿ ಕರೆದುಕೊಂಡು ಹೋಗಲು ಬಂದಾಗ ನೋಡಿರಬೇಕು. ತರಗತಿಯಲ್ಲಿ ಮೂರರವರೆಗೂ ಎಣಿಸದ ಹುಡುಗ ಗೆಳೆಯರಿಗೆ ಐದು ಗೋಲಿಗಳನ್ನು ಸರಿಯಾಗಿ ಹಂಚುವುದನ್ನು ಕಂಡರೆ ನಿಮ್ಮ ಯೋಜನೆ ಬೇರೆಯದೇ ಸ್ಥಳದಿಂದ ಆರಂಭವಾಗುತ್ತದೆ.

ಎರಡನೆಯ ಹೆಜ್ಜೆ ಗುರಿ ಬರೆಯುವುದು. ‘ಗಣಿತದಲ್ಲಿ ಪ್ರಗತಿ ಸಾಧಿಸುವುದು’ ಎಂದು ಬರೆದರೆ ಅದು ಸಾಧನೆಯಾಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ‘ಐದು ಮತ್ತು ಹತ್ತು ರೂಪಾಯಿಗಳ ನಾಣ್ಯಗಳನ್ನು ಮುಂದಿಟ್ಟಾಗ, ಐದು ಬಾರಿಯಲ್ಲಿ ನಾಲ್ಕು ಬಾರಿ, ಯಾರ ನೆರವೂ ಇಲ್ಲದೆ ಹದಿನೈದು ರೂಪಾಯಿ ಎಣಿಸಿ ಕೊಡುವುದು’ ಎಂದು ಬರೆದರೆ ಹೊಸಬರು ಬಂದು ನೋಡಿದರೂ ಅಳೆಯಬಹುದು. ಮೂರನೆಯದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯುವುದು. ಅಂಗಿಯ ಗುಂಡಿ ಹಾಕುವುದನ್ನು ಕಲಿಸುವಾಗ ಮೊದಲ ಹಂತಗಳನ್ನೆಲ್ಲ ಶಿಕ್ಷಕರೇ ಮಾಡಿ, ಕಾಜದೊಳಗೆ ಅರ್ಧ ತೂರಿದ ಗುಂಡಿಯನ್ನು ಆಚೆಗೆ ಎಳೆಯುವ ಕೊನೆಯ ಹಂತವನ್ನು ಮಾತ್ರ ಮಗುವಿಗೆ ಬಿಡುತ್ತಾರೆ. ಅದು ಬಂದ ಮೇಲೆ ಅದರ ಹಿಂದಿನ ಹಂತ. ಹೀಗೆ ಹಿಂದಿನಿಂದ ಕಲಿಸುವಾಗ ಪ್ರತಿ ಬಾರಿಯೂ ಕೆಲಸ ಮುಗಿಸಿದ ಸಂತೋಷ ಮಗುವಿನದೇ ಆಗಿರುತ್ತದೆ. ಪ್ರತಿ ಪ್ರಯತ್ನಕ್ಕೂ ಎಷ್ಟು ನೆರವು ಬೇಕಾಯಿತೆಂದು, ಅಂದರೆ ಕೈಹಿಡಿದು ಮಾಡಿಸಿದ್ದೇ, ತೋರಿಸಿದ್ದೇ, ಬರೀ ಹೇಳಿದ್ದೇ ಎಂದು, ಅಂದೇ ಬರೆದಿಡಬೇಕು. ಸಂಜೆ ನೆನಪಿನಿಂದ ಬರೆದ ದಾಖಲೆ ನಮ್ಮ ಆಸೆಯನ್ನು ತೋರಿಸುತ್ತದೆಯೇ ಹೊರತು ಮಗುವಿನ ಕಲಿಕೆಯನ್ನಲ್ಲ.

ತಂದೆತಾಯಿಯರನ್ನು ಬಿಟ್ಟು ಬರೆದ ಯೋಜನೆ ಮನೆಯ ಹೊಸ್ತಿಲು ದಾಟುವುದಿಲ್ಲ. ಅವರಿಗೆ ಮನೆಯಲ್ಲಿ ಅತ್ಯಂತ ಕಷ್ಟವಾಗುತ್ತಿರುವುದು ಏನೆಂದು ಕೇಳಿ, ಕನಿಷ್ಠ ಒಂದು ಗುರಿಯನ್ನಾದರೂ ಅದರಿಂದಲೇ ಆರಿಸಿಕೊಳ್ಳಿರಿ. ‘ಯಾವಾಗ ಸರಿಹೋಗುತ್ತಾನೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಆಸೆಯನ್ನೂ ಹುಟ್ಟಿಸದೆ, ಎದೆಗುಂದಿಸದೆ, ಮುಂದಿನ ಮೂರು ತಿಂಗಳಲ್ಲಿ ಏನನ್ನು ಕಲಿಸಲು ಪ್ರಯತ್ನಿಸುತ್ತೇವೆ ಎಂಬುದನ್ನು ಹೇಳುವುದು ಪ್ರಾಮಾಣಿಕವಾದ ಉತ್ತರ.

ಅಂತಿಮ ಪರೀಕ್ಷೆ ಮುಗಿದು ಪ್ರಮಾಣಪತ್ರಗಳು ಬಂದ ಮೇಲೆ ಆರ್‌ಸಿಐ ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಹತ್ತನೇ ತರಗತಿಯಿಂದ ಹಿಡಿದು ಎಲ್ಲ ಪ್ರಮಾಣಪತ್ರಗಳಲ್ಲೂ ನಿಮ್ಮ ಹೆಸರು, ಇನಿಷಿಯಲ್, ತಂದೆಯ ಹೆಸರು ಒಂದೇ ರೀತಿ ಇವೆಯೇ ಎಂದು ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಂಡರೆ ಕೊನೆಯಲ್ಲಿ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ. ನಂತರ ದೊರೆಯುವ ಸಿಆರ್‌ಆರ್ ಸಂಖ್ಯೆಯೇ, ಅಂದರೆ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿನ ನಿಮ್ಮ ಸಂಖ್ಯೆಯೇ, ನಿಮ್ಮ ವೃತ್ತಿಯ ಗುರುತು. ಈ ನೋಂದಣಿ ಶಾಶ್ವತವಲ್ಲ; ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಅದಕ್ಕೆ ಮಂಡಳಿ ಮಾನ್ಯ ಮಾಡಿದ ಸಿಆರ್‌ಇ, ಅಂದರೆ ನಿರಂತರ ಪುನರ್ವಸತಿ ಶಿಕ್ಷಣದ, ಕಾರ್ಯಾಗಾರಗಳಲ್ಲಿ ಭಾಗವಹಿಸಿ ಅಂಕಗಳನ್ನು ಕೂಡಿಸಿಕೊಂಡಿರಬೇಕು. ಐದನೇ ವರ್ಷಕ್ಕೆಂದು ಎಲ್ಲವನ್ನೂ ಮುಂದೂಡದೆ ವರ್ಷಕ್ಕೊಂದಾದರೂ ಕಾರ್ಯಾಗಾರಕ್ಕೆ ಹೋಗುವುದು ಒಳ್ಳೆಯದು.

ಕೆಲಸದ ಅವಕಾಶಗಳು ವಿಶೇಷ ಶಾಲೆಗಳಲ್ಲಿ, ಖಾಸಗಿ ಶಾಲೆಗಳ ಸಂಪನ್ಮೂಲ ಕೊಠಡಿಗಳಲ್ಲಿ (ವಿಶೇಷ ನೆರವು ಬೇಕಾದ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸುವ ಕೊಠಡಿಗಳಲ್ಲಿ), ತಾಲ್ಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರ ಹುದ್ದೆಗಳಲ್ಲಿ ಇವೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳುವ ಗೃಹಾಧಾರಿತ ಶಿಕ್ಷಣವೂ ಈ ಸಂಪನ್ಮೂಲ ಶಿಕ್ಷಕರ ಹೊಣೆಯಲ್ಲಿ ಸೇರುತ್ತದೆ. ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆಗೆ ನೀವು ಸ್ವತಃ ಬರೆದು ನಡೆಸಿದ ಒಂದು ಐಇಪಿಯನ್ನು, ಮಗುವಿನ ಹೆಸರು ಮತ್ತು ಗುರುತಿನ ವಿವರಗಳನ್ನೆಲ್ಲ ಅಳಿಸಿ, ಪ್ರತಿದಿನದ ದಾಖಲೆಯ ಹಾಳೆಗಳ ಸಮೇತ ತೆಗೆದುಕೊಂಡು ಹೋಗಿರಿ. ಯಾವ ಗುರಿ ಈಡೇರಲಿಲ್ಲ, ಏಕೆ ಈಡೇರಲಿಲ್ಲ, ಆಗ ಯೋಜನೆಯಲ್ಲಿ ಏನನ್ನು ಬದಲಿಸಿದಿರಿ ಎಂಬುದು ಆ ಹಾಳೆಗಳಲ್ಲಿ ಇರಲಿ.