ಇನ್ಸುಲಿನ್ ತಪ್ಪಿದರೆ ತಲೆ ಯಾಕೆ ಮಂಕಾಗುತ್ತದೆ? ಮನೆಯವರು ಏನು ಮಾಡಬೇಕು?

"ಜ್ವರ, ವಾಂತಿ. ನಿನ್ನೆಯಿಂದ ಒಂದು ತುತ್ತೂ ತಿಂದಿಲ್ಲ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ಯಾಕೆ ಅಂತ ಬಿಟ್ವಿ." ಸಕ್ಕರೆ ಕಾಯಿಲೆಯವರನ್ನು ಮಂಪರಿನಲ್ಲಿ ಆಸ್ಪತ್ರೆಗೆ ಕರೆತರುವ ಮನೆಯವರು ಹೇಳುವ ಮಾತಿದು. ಕೇಳಿದರೆ ಸರಿಯೇ ಅನ್ನಿಸುತ್ತದೆ, ಅಲ್ವಾ? ಆದರೆ ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಬಹುತೇಕ ನಿಂತುಹೋದ ಬಗೆ) ಇರುವವರಲ್ಲಿ ಪ್ರಜ್ಞೆ ತಪ್ಪಲು ಇಷ್ಟೇ ಸಾಕು.

ಇನ್ಸುಲಿನ್ ಇಲ್ಲದಿದ್ದರೆ ಮಿದುಳಿಗೆ ಸಕ್ಕರೆ ಸಿಗುವುದಿಲ್ಲ, ಅದಕ್ಕೇ ತಲೆ ಮಂಕಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಮಿದುಳಿನ ತೂಕ ದೇಹದ ಶೇ 2ರಷ್ಟೇ ಆದರೂ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಸ್ನಾಯುಗಳಿಗೆ, ಕೊಬ್ಬಿಗೆ ಸಕ್ಕರೆ ಎಳೆದುಕೊಳ್ಳಲು ಇನ್ಸುಲಿನ್ ಬೇಕು. ಮಿದುಳು ಬಹುಮಟ್ಟಿಗೆ ಅದರ ಸಹಾಯವಿಲ್ಲದೆಯೇ ತೆಗೆದುಕೊಳ್ಳುತ್ತದೆ. ಪೆಟ್ಟು ಬೀಳುವುದು ಬೇರೆ ದಾರಿಯಿಂದ. ಇನ್ಸುಲಿನ್ ತಡೆ ಇಲ್ಲದಾಗ ಪಿತ್ತಜನಕಾಂಗ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಇದ್ದರೂ ಶುಗರ್ ಏರುವುದು ಇದರಿಂದಲೇ. ಆ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಲವಣವನ್ನೂ ಎಳೆದುಕೊಂಡು ಹೋಗುತ್ತದೆ. ಇತ್ತ ದೇಹ ಕೊಬ್ಬು ಕರಗಿಸಲು ಶುರು ಮಾಡಿ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಒಣಗಿದ, ಹುಳಿಯಾದ ಆ ರಕ್ತದಲ್ಲಿ ಮಿದುಳು ಸರಿಯಾಗಿ ಕೆಲಸ ಮಾಡಲಾರದು. ಮೊದಲು ಸುಸ್ತು, ಆಮೇಲೆ ಮಂಪರು, ಕೊನೆಗೆ ಕೋಮಾ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಡುವವರೆಗೂ ಟೈಪ್ 1 ಬಂದ ಮಕ್ಕಳು ಹೆಚ್ಚಾಗಿ ಹೀಗೇ ತೀರಿಹೋಗುತ್ತಿದ್ದರು.

ಹೆಜ್ಜೆ 1: ಮಾತು ತೊದಲಿದರೆ ಮೊದಲು ಬೆರಳು ಚುಚ್ಚಿ

ಶುಗರ್ ಇಳಿದರೂ ತಲೆ ಕೆಡುತ್ತದೆ, ಏರಿದರೂ ಕೆಡುತ್ತದೆ. ಇಳಿದದ್ದಾದರೆ ನಿಮಿಷಗಳಲ್ಲೇ ಗೊತ್ತಾಗುತ್ತದೆ: ಬೆವರು, ಕೈ ನಡುಕ, ಹಸಿವು, ಸುಮ್ನೆ ಸಿಟ್ಟು. ಕುಡಿದಿದ್ದಾರೇನೋ ಎಂದು ಅಕ್ಕಪಕ್ಕದವರು ಅಂದುಕೊಳ್ಳುವುದೂ ಉಂಟು. ಏರುವುದು ನಿಧಾನ. ಟೈಪ್ 1ರಲ್ಲಿ ಕೆಲವು ಗಂಟೆಗಳಿಂದ ಒಂದು ದಿನ, ವಯಸ್ಸಾದ ಟೈಪ್ 2ನವರಲ್ಲಿ (ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡದ ಬಗೆ) ಹಲವು ದಿನ ಹಿಡಿಯಬಹುದು. ಬಾಯಾರಿಕೆ, ಪದೇಪದೇ ಮೂತ್ರ, ಒಣಗಿದ ನಾಲಿಗೆ. ಕೀಟೋನ್ ಸೇರಿದ್ದರೆ ಹೊಟ್ಟೆನೋವು, ವಾಂತಿ, ಆಳವಾದ ಏದುಸಿರು, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ.

ಇಷ್ಟೆಲ್ಲ ಗೊತ್ತಿದ್ದರೂ ಮುಖ ನೋಡಿ ಊಹಿಸಬೇಡಿ. ಕೈ ತೊಳೆಸಿ, ಒರೆಸಿ, ಚುಚ್ಚಿ. ಈಗಷ್ಟೇ ಮಾವಿನಹಣ್ಣು ಹೆಚ್ಚಿದ ಬೆರಳಾದರೆ ಅದರ ರಸವೇ ಸೇರಿ, ರಕ್ತದಲ್ಲಿ ಇಲ್ಲದ ಶುಗರ್ ಅನ್ನು ಮೀಟರ್ ತೋರಿಸುತ್ತದೆ.

ಹೆಜ್ಜೆ 2: ಶುಗರ್ 70ಕ್ಕಿಂತ (mg/dL ಲೆಕ್ಕದಲ್ಲಿ) ಕೆಳಗಿದ್ದರೆ

ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಏರದಿದ್ದರೆ ಇನ್ನೊಮ್ಮೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮೀಟರ್ ಇಲ್ಲವೇ? ನುಂಗಲು ಆಗುವವರಿಗೆ ಸಕ್ಕರೆ ಕೊಟ್ಟುಬಿಡಿ. ಏರಿದ ಶುಗರ್‌ಗೆ ಮೂರು ಚಮಚ ಸೇರಿದರೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಇಳಿದ ಶುಗರ್ ಅನ್ನು ಹಾಗೇ ಬಿಟ್ಟರೆ ಮಿದುಳಿಗೆ ನೇರ ಹಾನಿ.

ಹೆಜ್ಜೆ 3: 250 ದಾಟಿದ್ದರೆ, ಜೊತೆಗೆ ಜ್ವರವೋ ವಾಂತಿಯೋ ಇದ್ದರೆ

ದಿನವೂ ತೆಗೆದುಕೊಳ್ಳುವ ಬೇಸಲ್ ಇನ್ಸುಲಿನ್ (ಊಟಕ್ಕೆಂದಲ್ಲದೆ, ದಿನವಿಡೀ ನಿಧಾನವಾಗಿ ಕೆಲಸ ಮಾಡುವಂಥದ್ದು) ಅನ್ನು ಟೈಪ್ 1ನವರು ಬಿಡಲೇಬಾರದು. ಊಟ ಸೇರದಿದ್ದರೆ ಪ್ರಮಾಣ ಎಷ್ಟು ಎಂದು ಡಾಕ್ಟರನ್ನು ಕೇಳಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಮೆಡಿಕಲ್ ಶಾಪ್‌ನಲ್ಲಿ ಮೂತ್ರದ ಕೀಟೋನ್ ಸ್ಟ್ರಿಪ್ ಸಿಗುತ್ತದೆ, ಒಂದು ಡಬ್ಬಿ ಮನೆಯಲ್ಲಿರಲಿ. ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. ಕೀಟೋನ್ ಜಾಸ್ತಿ ಇದ್ದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಂಪರು ಕಂಡರೆ ಮನೆಮದ್ದಿನ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ.

ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ಇನ್ನೊಂದು ಎಚ್ಚರಿಕೆ. ಅವರಲ್ಲಿ ಶುಗರ್ 250 ಮುಟ್ಟದೆಯೂ ಕೀಟೋನ್ ಏರಬಹುದು. ವಾಂತಿ ಶುರುವಾದರೆ ಆ ಮಾತ್ರೆ ಮುಂದುವರಿಸಬೇಕೇ ಎಂದು ತಕ್ಷಣ ಕೇಳಿ.

ಮಕ್ಕಳಲ್ಲಿ ಚಿಕಿತ್ಸೆ ಶುರುವಾದ ಮೇಲೂ ಕಣ್ಣಿಟ್ಟಿರಬೇಕು. ಅಪರೂಪಕ್ಕೆ ಮಿದುಳು ಊದಿಕೊಳ್ಳುತ್ತದೆ. ಡ್ರಿಪ್ ಹಾಕಿದ ಮೇಲೆ ಮಗು ತಲೆನೋವು ಅಂದರೆ, ಮತ್ತೆ ತೂಕಡಿಸಲು ಶುರು ಮಾಡಿದರೆ, "ಸುಸ್ತಾಗಿದೆ, ಮಲಗಲಿ ಬಿಡಿ" ಎನ್ನದೆ ನರ್ಸ್‌ನ್ನು ಕರೆಯಿರಿ.

ಹೆಜ್ಜೆ 4: ಚುಚ್ಚಿದ್ದು ನಿಜವಾಗಿ ಒಳಗೆ ಹೋಗಿದೆಯೇ?

ನನ್ನ ಪ್ರಕಾರ ಜನ ತೀರಾ ಕಡಿಮೆ ಗಮನ ಕೊಡುವುದು ಇಲ್ಲಿ. "ದಿನಾ ತಗೋತೀನಿ, ಆದ್ರೂ ಶುಗರ್ ಇಳಿಯಲ್ಲ" ಎನ್ನುವವರ ಸಿರಿಂಜ್ ಒಮ್ಮೆ ನೋಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಮರ್ಥ್ಯದಲ್ಲಿ ಬರುತ್ತದೆ: ಒಂದು ಎಂಎಲ್‌ಗೆ 40 ಯೂನಿಟ್ ಮತ್ತು 100 ಯೂನಿಟ್. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 8 ಯೂನಿಟ್ ಮಾತ್ರ. ತಿಂಗಳುಗಟ್ಟಲೆ ಹೀಗೇ ನಡೆದರೂ ಯಾರಿಗೂ ಗೊತ್ತಾಗುವುದಿಲ್ಲ. ಅದಲುಬದಲಾಗಿ 100ರ ಬಾಟಲಿಗೆ ಕೆಂಪು ಸಿರಿಂಜ್ ಬಳಸಿದರೆ 20ರ ಜಾಗದಲ್ಲಿ 50 ಯೂನಿಟ್ ಹೋಗುತ್ತದೆ. ಅದು ಇನ್ನೂ ಅಪಾಯ. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ, ಎರಡೂ ಒಂದೇ ಇರಬೇಕು.

ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹತ್ತುವುದಿಲ್ಲ. ಬೆರಳಿನಿಂದ ಸವರಿ ನೋಡಿ, ಗಂಟಿದ್ದರೆ ಆ ಜಾಗ ಬಿಡಿ. ಹೊಸ ಬಾಟಲಿ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೀರಿರುವ ಮಣ್ಣಿನ ಮಡಕೆಯಲ್ಲಿಡಬಹುದು.

ಹೆಜ್ಜೆ 5: ಮರೆವು ಶುರುವಾಗಿದ್ದರೆ

ಇದು ನಿಧಾನದ ಕಥೆ. ಮಿದುಳಿನಲ್ಲೂ ಇನ್ಸುಲಿನ್ ಹಿಡಿಯುವ ಗ್ರಾಹಕಗಳಿವೆ ಎಂದು 1978ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗದಲ್ಲೂ ಅವು ಇವೆ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದರ ಮಾತು ಕೇಳುವುದಿಲ್ಲ, ಜೊತೆಗೆ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಹಾಗಾಗಿ ಇವರಲ್ಲಿ ಮರೆಗುಳಿತನದ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆಲ್‌ಝೈಮರ್‌ಗೆ "ಟೈಪ್ 3 ಡಯಾಬಿಟಿಸ್" ಎಂದು ಹೆಸರಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳಿಗೆ ಹೆದರಬೇಡಿ. ವೈದ್ಯರು ಅಧಿಕೃತವಾಗಿ ಒಪ್ಪಿದ ಕಾಯಿಲೆಯ ಹೆಸರಲ್ಲ ಅದು.

ಹಾಗಂತ ಅಜ್ಜ ಅಜ್ಜಿಯರ ಶುಗರ್ ಅನ್ನು ಎಳೆದು ಕೆಳಗಿಳಿಸುವುದೂ ತಪ್ಪು. 2011ರಲ್ಲಿ ಪ್ರಕಟವಾದ ಅಕಾರ್ಡ್ ಮೈಂಡ್ ಅಧ್ಯಯನದಲ್ಲಿ ಬಿಗಿ ಹಿಡಿತದಿಂದ ನೆನಪಿನ ಶಕ್ತಿಗೆ ಲಾಭ ಕಾಣಲಿಲ್ಲ. ಬೇರೆ ಕಾಯಿಲೆಗಳೂ ಇರುವ ವಯಸ್ಸಾದವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ಶೇ 8ರ ಆಸುಪಾಸು ಇದ್ದರೂ ಸಾಕು ಎಂದು ಡಾಕ್ಟರ್ ಹೇಳುವುದು ಉದಾಸೀನದಿಂದಲ್ಲ. ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅದು ಕಡಿಮೆಯಾದರೂ ಮರೆವು ಬರುತ್ತದೆ, ಮತ್ತು ಅದಕ್ಕೆ ಮದ್ದಿದೆ.

ಇನ್ಸುಲಿನ್ ತೆಗೆದುಕೊಂಡದ್ದೇ ಮರೆತು ಎರಡು ಸಲ ಚುಚ್ಚಿಕೊಳ್ಳುವವರಿದ್ದಾರೆ. ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿ, ಚುಚ್ಚಿದ ಮೇಲೆ ಗುರುತು ಹಾಕಿಸಿ, ಮೊದಲೇ ಅಲ್ಲ. ಗುರುತಿಲ್ಲ, ನೆನಪೂ ಇಲ್ಲ ಎಂದಾದರೆ ಇನ್ನೊಂದು ಸಲ ಚುಚ್ಚಬೇಡಿ. ಶುಗರ್ ನೋಡಿ, ಆ ಅಂಕಿ ಹೇಳಿ ಡಾಕ್ಟರನ್ನು ಕೇಳಿ.