ಬ್ಯಾಟರಿ ಬದಲಿಸುವ ಮುನ್ನ: ಆಗಾಗ ಸ್ಟಾರ್ಟ್ ಆಗದ ಡೀಸೆಲ್ ಕಾರಿನ ರೋಗ ಪತ್ತೆ

ಮುಂಬಯಿ ಸುತ್ತಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ನಮ್ಮ ಕನ್ನಡಿಗರಿರುವ ಸೊಸೈಟಿಗಳಲ್ಲಿ ಹಳೆಯ ಸಣ್ಣ ಡೀಸೆಲ್ ಕಾರುಗಳಿಗೆ ಕೊರತೆಯಿಲ್ಲ. ಸ್ವಿಫ್ಟ್, ರಿಟ್ಜ್, ವಿಸ್ಟಾ, ಪುಂಟೊ: ಹೆಸರು ಬೇರೆ, ಹಲವುಗಳ ಒಳಗಿರುವುದು ಅದೇ 1,248 ಸಿಸಿ ಫಿಯೆಟ್ ಮೂಲದ ಎಂಜಿನ್. ವರ್ಷಕ್ಕೊಮ್ಮೆ ಉಡುಪಿಗೋ ಕುಂದಾಪುರಕ್ಕೋ ಹೋಗಿಬರಲು ಇಟ್ಟುಕೊಂಡವು, ಉಳಿದ ದಿನಗಳಲ್ಲಿ ಕೆಳಗೆ ನಿಂತಿರುವವು. 2020ರ ಏಪ್ರಿಲ್‌ನಲ್ಲಿ ಹೊಗೆಯ ಮೇಲಿನ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಹಾಗಾಗಿ ಇವುಗಳಲ್ಲಿ ಯಾವುದೂ ಹೊಸದಲ್ಲ. ವೈರು, ಕ್ಲಿಪ್ಪು, ರಬ್ಬರು ಎಲ್ಲಕ್ಕೂ ವಯಸ್ಸಾಗಿದೆ.

ಇಂಥ ಕಾರು ನಾಲ್ಕು ದಿನ ಸರಿಯಾಗಿದ್ದು ಐದನೆಯ ದಿನ ಮೊಂಡು ಹಿಡಿದರೆ ಜನ ಮಾಡುವುದು ಒಂದೇ. ಮೊದಲು ಬ್ಯಾಟರಿ ಬದಲಾಗುತ್ತದೆ, ಆಮೇಲೆ ಸೆಲ್ಫ್ ಮೋಟಾರ್ (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವುದು), ಆಮೇಲೆ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವುದು), ಕಡೆಗೆ ಡೀಸೆಲ್ ಪಂಪ್. ಹಣ ಮುಗಿಯುತ್ತದೆ, ಮೊಂಡುತನ ಮುಗಿಯುವುದಿಲ್ಲ. ಬಂದು ಹೋಗುವ ದೋಷವನ್ನು ಅದು ಬಂದ ಗಳಿಗೆಯಲ್ಲೇ ಹಿಡಿಯಬೇಕು. ಗ್ಯಾರೇಜಿಗೆ ಎಳೆಸಿಕೊಂಡು ಹೋದರೆ ಮೆಕ್ಯಾನಿಕ್‌ನ ಮುಂದೆ ಅದು ಮೊದಲ ಕೀಗೇ ಸ್ಟಾರ್ಟ್ ಆಗುತ್ತದೆ.

ಮೊದಲು ಕಿವಿ, ಆಮೇಲೆ ಕೈ

ಕೀ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ, ಇಲ್ಲವೇ? ಇದಕ್ಕೆ ಉತ್ತರ ಸಿಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು. ತಿರುಗದಿದ್ದರೆ ಅಥವಾ ಒದ್ದಾಡುತ್ತ ತಿರುಗಿದರೆ ರೋಗ ಕರೆಂಟಿನದು. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಡೀಸೆಲ್‌ನದೋ ಸೆನ್ಸರ್‌ನದೋ. ಎರಡನ್ನೂ ಸೇರಿಸಿ ‘ಸ್ಟಾರ್ಟ್ ಆಗುತ್ತಿಲ್ಲ’ ಎಂದು ಫೋನಿನಲ್ಲಿ ಹೇಳುವುದರಿಂದಲೇ ಅರ್ಧ ದುಡ್ಡು ಪೋಲಾಗುವುದು.

ಡ್ಯಾಶ್‌ಬೋರ್ಡಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಕೆಟ್ಟಾಗಲೆಲ್ಲ ಬರೆಯಿರಿ: ಎಂಜಿನ್ ಬಿಸಿಯಿತ್ತೇ ತಣ್ಣಗಿತ್ತೇ, ಮಳೆಯಿತ್ತೇ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಕಾರು ಇಳಿಜಾರಿನಲ್ಲಿ ನಿಂತಿತ್ತೇ.

ಎಂಜಿನ್ ತಿರುಗದಿದ್ದರೆ

ಕ್ಲಚ್ ಪೂರ್ತಿ ಒತ್ತಿ. ಕೆಲವು ಕಾರುಗಳಲ್ಲಿ ಕ್ಲಚ್ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ, ಅದರ ಸ್ವಿಚ್ಚು ಸವೆದಿರುವುದೂ ಉಂಟು. ಇದೊಂದು ಸಾಲಿನ ಕೆಲಸ. ಮುಂದಿನದು ಹಾಗಲ್ಲ, ಹೆಚ್ಚಿನವರು ಎಡವುವುದೂ ಅಲ್ಲಿಯೇ.

ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟು 12.6 ವೋಲ್ಟ್ ತೋರಿಸಿತು, ಆದ್ದರಿಂದ ಎಲ್ಲ ಸರಿಯಿದೆ ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜು ಅದರ ಹೊಟ್ಟೆಯಲ್ಲಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ (12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ), ಅದು ಸೆಲ್ಫ್‌ವರೆಗೆ ತಲುಪುತ್ತಿದೆಯೇ ಎಂದು ಹೇಳುವುದಿಲ್ಲ. ಸಣ್ಣ ಡೀಸೆಲ್ ಎಂಜಿನ್ನಿನ ಸೆಲ್ಫ್ 200 ಆಂಪಿಯರ್ ಆಸುಪಾಸು ಎಳೆಯುತ್ತದೆ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಇಷ್ಟು ಸಣ್ಣ ಅಡ್ಡಿಯನ್ನು ಸಾಮಾನ್ಯ ಮೀಟರಿನ ಓಮ್ ಗುಂಡಿ ಹಿಡಿಯಲಾರದು. ಆದ್ದರಿಂದ ಅಳೆಯಬೇಕಾದ್ದು ಸೆಲ್ಫ್ ಹೊಡೆಯುತ್ತಿರುವಾಗಿನ ವೋಲ್ಟೇಜಿನ ನಷ್ಟವನ್ನು.

ಕಾರನ್ನು ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಂಗಿಯ ತೋಳು, ದುಪಟ್ಟಾ, ಮೀಟರಿನ ವೈರು ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕೆಂಪು ವೈರು ಮೀಟರಿನ 10 ಆಂಪಿಯರ್ ತೂತಿನಲ್ಲಿದ್ದರೆ ಕಿತ್ತು ವೋಲ್ಟಿನ ತೂತಿಗೆ ಹಾಕಿ. ಹಾಗೆಯೇ ಬ್ಯಾಟರಿಗೆ ಮುಟ್ಟಿಸಿದರೆ ಶಾರ್ಟ್ ಆಗುತ್ತದೆ. ಈಗ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಸೀಸದ ಗೂಟದ ನೆತ್ತಿಗೆ ಒತ್ತಿ. ಕ್ಲ್ಯಾಂಪಿಗೆ ಅಲ್ಲ, ಗೂಟಕ್ಕೆ; ಈ ವ್ಯತ್ಯಾಸದಲ್ಲೇ ಎಷ್ಟೋ ದೋಷಗಳು ತಪ್ಪಿಸಿಕೊಳ್ಳುತ್ತವೆ. ಇನ್ನೊಂದು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ, ಬಣ್ಣ ಅಥವಾ ಎಣ್ಣೆ ಇಲ್ಲದ ಬೋಲ್ಟಿಗೆ ಒತ್ತಿ. ಒಳಗೆ ಕುಳಿತವರು ಐದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಅಂಕಿ ಕುಣಿಯುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ನಿಧಾನವಾಗಿ ಓಡಿಸಿ ನೋಡಿ. 0.3 ವೋಲ್ಟ್ ದಾಟಿದರೆ ಅರ್ಥಿಂಗ್, ಅಂದರೆ ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ದಾರಿ, ಕೆಟ್ಟಿದೆ. ಪ್ಲಸ್ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ಅಳೆಯಿರಿ, ಅಲ್ಲಿ 0.5ರವರೆಗೆ ಕ್ಷಮೆಯಿದೆ. ನಷ್ಟ ಎರಡೂ ಕಡೆ ಇಲ್ಲದೆ, ಬ್ಯಾಟರಿಯ ಎರಡು ಗೂಟಗಳ ನಡುವಿನ ವೋಲ್ಟೇಜೇ 9.6ಕ್ಕಿಂತ ಕೆಳಗೆ ಕುಸಿದರೆ ಅದನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಕುಸಿದರೆ ಧಾರಾಳವಾಗಿ ಬದಲಿಸಿ.

ನಷ್ಟ ಸಿಕ್ಕಿತೆಂದರೆ ದಾರಿಯನ್ನು ತುಂಡು ಮಾಡುತ್ತ ಹೋಗಿ: ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಸಮುದ್ರದ ಗಾಳಿಯ ಈ ಊರಿನಲ್ಲಿ ಕ್ಲ್ಯಾಂಪು ಹೊರಗೆ ಫಳಫಳ ಹೊಳೆಯುತ್ತಿದ್ದರೂ ಒಳಮೈಯಲ್ಲಿ ಬೂದು ಬಣ್ಣದ ತೆಳುಪದರ ಕಟ್ಟಿರುತ್ತದೆ. ಗೇರ್‌ಬಾಕ್ಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ ತುದಿಯ ಲಗ್ಗಿನೊಳಗೆ (ಬೋಲ್ಟ್ ಹಾಕುವ ಲೋಹದ ತುಂಡು) ಹಸಿರುಗಟ್ಟಿ, ಕೆಲವೇ ಎಳೆಗಳ ಮೇಲೆ ನಿಂತಿರುತ್ತದೆ. ಅಂಥ ಪಟ್ಟಿ ತನಗೆ ಮನಸ್ಸಾದಾಗ ಕೆಲಸ ಮಾಡುತ್ತದೆ, ಇಲ್ಲದಾಗ ಇಲ್ಲ. ಕ್ಲ್ಯಾಂಪನ್ನು ಬಿಚ್ಚಿ (ಮೈನಸ್ ಮೊದಲು), ಒಳಗೆ ಮರಳು ಕಾಗದದಿಂದ ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಬಿಸಿನೀರು ಸುರಿದು ‘ಸರ್ವಿಸ್ ಆಯಿತು’ ಎನ್ನುವವರಿಗೆ ದುಡ್ಡು ಕೊಡಬೇಡಿ. ಪಟ್ಟಿ ಹೊಸದೇ ಹಾಕಿಸಿ, ಅದರ ಬೆಲೆ ಬ್ಯಾಟರಿಯ ಮುಂದೆ ಏನೂ ಅಲ್ಲ.

ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ಪಡೆಯುವ ಜಂಪರ್ ಕೇಬಲ್ ಕೊಳ್ಳುವವರಿಗೆ ಒಂದು ಮಾತು: ಸಿಗ್ನಲ್‌ನಲ್ಲಿ ಮಾರುವ ಅಗ್ಗದ ಕೇಬಲ್ಲುಗಳಲ್ಲಿ ರಬ್ಬರೇ ದಪ್ಪ, ಒಳಗಿನ ಲೋಹ ದಾರದಷ್ಟು. ಪೆಟ್ರೋಲ್ ಕಾರಿಗೇ ಸಾಲದು, ಡೀಸೆಲ್ಲಿಗಂತೂ ಕೈ ಸುಡುವುದೊಂದೇ ಲಾಭ.

ತಿರುಗಿಯೂ ಹತ್ತದಿದ್ದರೆ

ಮೀಟರ್ ಫಲಕದಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಎರಡನೆಯ ಕೀ ಹಾಕಿ ನೋಡಿ. ರಿಮೋಟಿನ ಸೆಲ್ ಬದಲಿಸುವುದು ವ್ಯರ್ಥ. ತಿರುಗಿಸುವ ಕೀಯೊಳಗಿನ ಚಿಪ್ಪಿಗೆ ಸೆಲ್ ಬೇಕಿಲ್ಲ.

ದೀಪ ಸರಿಯಿದ್ದರೆ ಆರ್‌ಪಿಎಂ ಮುಳ್ಳನ್ನು ನೋಡಿ. ಕಾರು ಸರಿಯಿರುವ ದಿನವೇ ಒಮ್ಮೆ ಗಮನಿಸಿಟ್ಟುಕೊಳ್ಳಿ: ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪ ಏಳುತ್ತದೆಯೇ? ಏಳುವ ಕಾರಿನಲ್ಲಿ ಕೆಟ್ಟ ದಿನ ಮುಳ್ಳು ಸತ್ತಂತೆ ಮಲಗಿದ್ದರೆ, ಎಂಜಿನ್ ತಿರುಗುತ್ತಿರುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು, ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿ, ಮರಳಿ ಬಂದರೆ ಹತ್ತದು; ಅರ್ಧ ಗಂಟೆ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಹತ್ತುತ್ತದೆ. ಇದು ಆ ಸೆನ್ಸರಿನ ಹಳೆಯ ಚಾಳಿ. ಕಾರಿನ ಕಂಪ್ಯೂಟರಿನ ದೋಷಗಳನ್ನು ಓದುವ ಬ್ಲೂಟೂತ್ ಸ್ಕ್ಯಾನರಿನಲ್ಲಿ ಈ ಸೆನ್ಸರಿನ ಕೋಡ್ ಪಿ0335 ಬಂದರೆ ಅನುಮಾನ ಗಟ್ಟಿಯಾಯಿತು, ಆದರೂ ಮೊದಲು ಅದರ ವೈರನ್ನು ನೋಡಿ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸೇರುವ ಇಲಿಗಳಿಗೆ ಆ ವೈರಿನ ಮೇಲೆ ಪ್ರೀತಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬಾಗಿಲು, ಕನ್ನಡಿ ಸಂತೋಷದಿಂದ ಕೊಳ್ಳಿ. ಸೆನ್ಸರನ್ನು ಮಾತ್ರ ಕಂಪನಿಯದ್ದೇ ತನ್ನಿ.

ಮುಳ್ಳು ಏಳುತ್ತಿದ್ದರೆ ಡೀಸೆಲ್ ಕಡೆಗೆ ಬನ್ನಿ. ಈ ಕಾಮನ್ ರೈಲ್ ಎಂಜಿನ್ನಿನಲ್ಲಿ (ಇಂಜೆಕ್ಟರುಗಳಿಗೆಲ್ಲ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್) ರೈಲಿನ ಒತ್ತಡ ಸುಮಾರು 200 ಬಾರ್ ಮುಟ್ಟುವವರೆಗೆ ಕಂಪ್ಯೂಟರ್ ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ಆಗ ಸೆಲ್ಫ್ ಎಷ್ಟು ಹೊಡೆದರೂ ಸೈಲೆನ್ಸರಿನಲ್ಲಿ ಹೊಗೆ ಒಂದಿಷ್ಟೂ ಬರುವುದಿಲ್ಲ. ಸ್ಕ್ಯಾನರ್ ಈ ಒತ್ತಡವನ್ನು ತೋರಿಸುವಂಥದ್ದಾದರೆ ಅದೇ ಸಾಕ್ಷಿ. ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಮಾತ್ರ ತೊಂದರೆ, ಪೋಡಿಯಂ ಪಾರ್ಕಿಂಗಿನ ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಂತಾಗ ಇನ್ನೂ ಜಾಸ್ತಿ ಎಂದು ಚೀಟಿ ಹೇಳಿದರೆ ಗಾಳಿ ಒಳಸೇರಿ ಡೀಸೆಲ್ ಟ್ಯಾಂಕಿಗೆ ಮರಳುತ್ತಿದೆ. ಹೆಚ್ಚಾಗಿ ಫಿಲ್ಟರಿನ ಒಣಗಿದ ರಬ್ಬರ್ ಉಂಗುರ, ಇಲ್ಲವೇ ಕ್ಲಿಪ್ಪು. ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ ತಡೆದುಕೊಳ್ಳುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಾಣುತ್ತದೆ. ಫಿಲ್ಟರಿನ ತಳದ ನೀರನ್ನೂ ಆಗಲೇ ಇಳಿಸಿಬಿಡಿ.

ಗುಳ್ಳೆ ಇಲ್ಲ, ಆದರೆ ಬಿಸಿಯಿದ್ದಾಗ ಒತ್ತಡ ಏರುತ್ತಿಲ್ಲ ಎಂದಾದರೆ ಇಂಜೆಕ್ಟರುಗಳ ರಿಟರ್ನ್ (ಅವುಗಳಿಂದ ಸೋರಿ ಹಿಂದಿರುಗುವ ಡೀಸೆಲ್) ಅಳೆಯಿಸಿ. ಬಿಸಿ ಡೀಸೆಲ್ ತೆಳುವಾಗುವುದರಿಂದ ಸವೆದ ಇಂಜೆಕ್ಟರ್ ಆಗ ಹೆಚ್ಚು ಸೋರುತ್ತದೆ. ನಾಲ್ಕು ಇಂಜೆಕ್ಟರುಗಳಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿದರೆ ಯಾವುದು ಹೆಚ್ಚು ತುಂಬುತ್ತದೋ ಅದೇ ಕಳ್ಳ. ಒಂದು ಎಚ್ಚರಿಕೆ: ಹಳೆಯ ಮೆಕ್ಯಾನಿಕ್‌ಗಳು ಗಾಳಿ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆಸುತ್ತಾರೆ. 1998ರಲ್ಲಿ ಬಂದ ಇಂಡಿಕಾದಂಥ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೆ ಅದು ನಡೆಯುತ್ತಿತ್ತು. ಕಾಮನ್ ರೈಲಿನಲ್ಲಿ ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ, ಮಾಡಲು ಬಿಡಬೇಡಿ.

ಹೀಟರ್ ಪ್ಲಗ್ಗಿನ ಮಾತು ಬೇಕೆಂದೇ ಕೊನೆಗಿಟ್ಟೆ. ಮುಂಬಯಿಯ ಹವೆಯಲ್ಲಿ ಈ ಎಂಜಿನ್ನುಗಳು ಅದರ ಸಹಾಯವಿಲ್ಲದೆಯೂ ಸಾಮಾನ್ಯವಾಗಿ ಹತ್ತಿಕೊಳ್ಳುತ್ತವೆ. ಮೇ ತಿಂಗಳಲ್ಲಿ ‘ಸಾಹೇಬರೇ, ಹೀಟರ್ ಪ್ಲಗ್ ಹೋಗಿದೆ’ ಎಂದವನಿಗೆ ನಮಸ್ಕಾರ ಹೇಳಿ ಬೇರೆ ಗ್ಯಾರೇಜು ಹುಡುಕಿ. ಗಾಳಿಯ ಪೈಪಿಗೆ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡುತ್ತೇನೆ ಎನ್ನುವವನಿಗಂತೂ ಬಾನೆಟ್ಟನ್ನೇ ತೆರೆಯಬೇಡಿ. ಕಾದ ಹೀಟರ್ ಪ್ಲಗ್ಗಿಗೆ ಈಥರ್ ತಾಗಿದರೆ ಒಳಗೇ ಸಿಡಿಯುತ್ತದೆ. ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟಲಿಗಳೂ ಈ ರೋಗಕ್ಕೆ ಮದ್ದಲ್ಲ.

ಇಷ್ಟಾಗಿಯೂ ಗ್ಯಾರೇಜಿಗೆ ಹೋಗಲೇಬೇಕಾದರೆ ಚೀಟಿಯನ್ನೂ ಮೀಟರಿನ ವಿಡಿಯೊವನ್ನೂ ಮುಂದಿಡಿ. ಸ್ಕ್ಯಾನರಿನ ಕೋಡುಗಳನ್ನು ಅಳಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ರಿಪೇರಿಯಾದ ಮರುದಿನವೇ ಊರಿಗೆ ಹೊರಡಬೇಡಿ. ಚೀಟಿಯಲ್ಲಿ ಬರೆದ ಅದೇ ಬಿಸಿ, ಅದೇ ಇಳಿಜಾರು, ಅದೇ ನಿಲುಗಡೆಯಲ್ಲಿ ಒಂದು ವಾರ ಸ್ಟಾರ್ಟ್ ಮಾಡಿ ನೋಡಿ.