ಕಮಾನು ಪಟ್ಟಿಯ ಚಾಣಕ್ಕೆ ಹದ ಹಾಕುವ ಬಗೆ

ಕಬ್ಬಿಣ, ಗೋಡೆ ಕಡಿಯುವ ಚಾಣ ಕೆಡುವುದು ಎರಡೇ ರೀತಿ. ಮೊನೆ ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆಯಾಗಿ ಹಾರುತ್ತದೆ. ಮಡಚಿದರೆ ಗಡಸು ಸಾಲದು, ಹಾರಿದರೆ ಗಡಸು ಅತಿಯಾಗಿದೆ. ಬಹಳ ಮಂದಿ ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ತಂದುಕೊಳ್ಳುತ್ತಾರೆ: ಕೆಂಪಗೆ ಕಾಸಿ, ನೀರಿಗೆ ಅದ್ದಿ, ಮೇಲೆ ಅರ ಜಾರಿದರೆ ಕೆಲಸ ಮುಗಿಯಿತೆಂದು ಎತ್ತಿಡುತ್ತಾರೆ. ಅಲ್ಲಿಗೆ ಆಗಿರುವುದು ಅರ್ಧ ಕೆಲಸ.

ಮೊದಲು ಲೋಹದ ಆಯ್ಕೆ. ಕಟ್ಟಡದ ಟಿಎಂಟಿ ಕಂಬಿ ಬೇಡ. ಅದರಲ್ಲಿ ಇಂಗಾಲ ಹೆಚ್ಚೆಂದರೆ ಶೇ. 0.30. ಹೊರಪದರ ಗಟ್ಟಿಯೇನೋ ಇದೆ, ಆದರೆ ಅದು ಕಾರ್ಖಾನೆಯಲ್ಲಿ ನೀರು ಹಾಯಿಸಿ ತಂದ ಗಟ್ಟಿತನ. ಕುಲುಮೆಗೆ ಒಮ್ಮೆ ಹೋಗಿ ಬಂದರೆ ಉಳಿಯುವುದಿಲ್ಲ. ಲಾರಿಯ ಹಳೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಒಳ್ಳೆಯದು. ಸಾಮಾನ್ಯವಾಗಿ ಸಿಗುವ ಇಎನ್ 45 ಬಗೆಯ ಪಟ್ಟಿಯಲ್ಲಿ ಇಂಗಾಲ ಶೇ. 0.5ರಿಂದ 0.6, ಸಿಲಿಕಾನ್ ಶೇ. 1.5ರಿಂದ 2 ಇರುತ್ತದೆ. ನಡುವಿನ ಬೋಲ್ಟ್ ತೂತಿನ ಸುತ್ತಲಿನ ಭಾಗವನ್ನು ಬಿಟ್ಟುಬಿಡಿ. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಲೋಹದಲ್ಲಿ ಕೂದಲೆಳೆಯ ಬಿರುಕು ಇದ್ದೀತು. 12 ಮಿ.ಮೀ. ದಪ್ಪದ ಪಟ್ಟಿಯಿಂದ 20 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ತುಂಡನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ. ಗ್ಯಾಸ್ ಕಟಿಂಗ್ ಮಾಡಿಸಿದ್ದರೆ ಕತ್ತರಿಸಿದ ಅಂಚಿನಿಂದ 4-5 ಮಿ.ಮೀ. ಉಜ್ಜಿ ತೆಗೆಯಿರಿ. ಸತು ಲೇಪಿಸಿದ ಯಾವ ಕಬ್ಬಿಣವನ್ನೂ ಕುಲುಮೆಗೆ ಹಾಕಬೇಡಿ. ಆ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ಗುಜರಿಯ ಪಟ್ಟಿ ಯಾವ ಉಕ್ಕಿನದೆಂದು ಗೊತ್ತಿಲ್ಲದಿದ್ದರೆ 3 ಸೆಂ.ಮೀ. ತುಂಡೊಂದನ್ನು ಮೊದಲು ಬಲಿಕೊಡಿ. ಕಾಸಿ, ಎಣ್ಣೆಗೆ ಅದ್ದಿ, ಬಟ್ಟೆ ಸುತ್ತಿ ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಮುರಿಯಿರಿ. ಕಣ್ಣಿಗೆ ಕನ್ನಡಕ ಇರಲಿ. ಮುರಿದ ಮುಖ ಒಡೆದ ಪಿಂಗಾಣಿಯಂತೆ ನುಣುಪಾಗಿ, ಮಂದ ಬೂದು ಬಣ್ಣದಲ್ಲಿದ್ದರೆ ಲೋಹವೂ ಸರಿ, ಶಾಖವೂ ಸರಿ. ಸಕ್ಕರೆ ಹರಳಿನಂತೆ ಮಿಣಮಿಣ ಹೊಳೆದರೆ ಕಾಸಿದ್ದು ಹೆಚ್ಚಾಯಿತು, ಹರಳುಗಳು ಬೆಳೆದುಬಿಟ್ಟಿವೆ. ಮುರಿಯದೆ ಬಾಗಿತೋ, ಅದು ಮೆದು ಕಬ್ಬಿಣ. ಬೇರೆ ಪಟ್ಟಿ ಹುಡುಕಿ.

ಮೊನೆಯನ್ನು ಕಾಸಿ ಬಡಿದು ತೆಳ್ಳಗೆ ಮಾಡುವಾಗ ಲೋಹ ಕಿತ್ತಳೆಯಿಂದ ಹಳದಿಗೆ ತಿರುಗುವ ಹೊತ್ತು ಸರಿ, ಸುಮಾರು 1000-1100 ಡಿಗ್ರಿ ಸೆಲ್ಸಿಯಸ್. ಮಂದ ಕೆಂಪಿಗೆ ಇಳಿದ ಮೇಲೆ ಅಡಿಗಲ್ಲಿನ ಮೇಲೆ ಹೊಡೆಯುತ್ತಾ ಹೋದರೆ ಒಳಗೆ ಬಿರುಕು ಬೀಳುತ್ತದೆ. ಬೆಳ್ಳಗಾಗಿ ಕಿಡಿ ಚಿಮ್ಮಿತೆಂದರೆ ಉಕ್ಕು ಸುಟ್ಟಿತು, ಅದನ್ನು ಯಾವ ಹದವೂ ಬದುಕಿಸದು. ಆ ಭಾಗ ಕತ್ತರಿಸಿ ಎಸೆಯುವುದೊಂದೇ ದಾರಿ. ಇಂಗಾಲ ಹೆಚ್ಚಿದಷ್ಟೂ ಈ ಅಪಾಯ ಬೇಗ. ಇಂಗಾಲ ಹೆಚ್ಚಿದ್ದ ದಕ್ಷಿಣ ಭಾರತದ ಮೂಸೆ ಉಕ್ಕು ಯುರೋಪಿಗೆ ಹೋದಾಗ ಅಲ್ಲಿನ ಕಮ್ಮಾರರು ತಮ್ಮ ಕಬ್ಬಿಣದಂತೆಯೇ ಅತಿಯಾಗಿ ಕಾಸಿ ಬಡಿದರು, ಅದು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಅವರು ಅದನ್ನು ಕರೆದ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದಿದ್ದೆಂಬ ಮಾತಿದೆ.

ಆಕಾರ ಬಂದ ಮೇಲೆ ನೇರ ಎಣ್ಣೆಗೆ ಹೋಗಬೇಡಿ. ಸುಮಾರು 870 ಡಿಗ್ರಿಗೆ ಕಾಸಿ, ಗಾಳಿ ಬೀಸದ ಕಡೆ ಇಟ್ಟಿಗೆಯ ಮೇಲೆ ಕಪ್ಪಾಗುವವರೆಗೆ ಆರಲು ಬಿಡಿ. ಹೀಗೆ ಮೂರು ಸಲ. ಬಡಿತದಿಂದ ಒಳಗೆ ಸೇರಿದ ಎಳೆತ ಬಿಡುತ್ತದೆ, ಹರಳು ಸಣ್ಣದಾಗುತ್ತದೆ. ಮುಂದೆ ಚಾಣ ಸೊಟ್ಟಗಾದರೆ ಬಹುತೇಕ ಸಲ ಈ ಹೆಜ್ಜೆ ತಪ್ಪಿರುತ್ತದೆ. ಅರದ ಕೆಲಸವೂ ಈಗಲೇ ಆಗಲಿ, ಮೊನೆಯನ್ನು ಕೊನೆಯ ಅಳತೆಗಿಂತ 1 ಮಿ.ಮೀ. ದಪ್ಪ ಉಳಿಸಿಕೊಳ್ಳಿ. ತೀರ ತೆಳ್ಳಗಿದ್ದರೆ ಕಾಸುವಾಗಲೇ ಸುಟ್ಟುಹೋಗುತ್ತದೆ.

ಈಗ ಗಡಸು ಕೊಡುವುದು. ತಣ್ಣಗಿನ ಉಕ್ಕಿನ ಹರಳಿನಲ್ಲಿ ಇಂಗಾಲಕ್ಕೆ ಜಾಗ ಇಲ್ಲವೆಂದೇ ಹೇಳಬೇಕು. 727 ಡಿಗ್ರಿ ದಾಟಿದ ಮೇಲೆ ಹರಳಿನ ಕಟ್ಟು ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ತಟ್ಟನೆ ತಣಿಸಿದರೆ ಹೊರಬರಲು ಹೊತ್ತಿಲ್ಲದೆ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಬಿಗಿದುಕೊಂಡ ಹರಳೇ ಮಾರ್ಟೆನ್ಸೈಟ್, ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಹೆಸರಿನದು. ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು.

ಕಬ್ಬಿಣದ ಡಬ್ಬಿಯಲ್ಲಿ 5 ಲೀಟರ್ ಎಣ್ಣೆ ಬೇಕು. ಉಕ್ಕು ತಣಿಸಲೆಂದೇ ಮಾರುವ ಕ್ವೆಂಚಿಂಗ್ ಆಯಿಲ್ ಸಿಗದಿದ್ದರೆ ಕಡಲೆಕಾಯಿ ಎಣ್ಣೆ ಆದೀತು. ವಾಹನದಿಂದ ತೆಗೆದ ಕಪ್ಪು ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ಕಾದ ಕಬ್ಬಿಣದ ತುಂಡೊಂದನ್ನು ಅದ್ದಿ ಎಣ್ಣೆಯನ್ನು 50-60 ಡಿಗ್ರಿಗೆ ತನ್ನಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದಾಡುವುದರಿಂದ ತಣ್ಣನೆಯ ಎಣ್ಣೆಗಿಂತ ಬೇಗ ಶಾಖ ಎಳೆಯುತ್ತದೆ. ಡಬ್ಬಿಗೆ ತಗಡಿನ ಮುಚ್ಚಳ ಪಕ್ಕದಲ್ಲೇ ಇರಲಿ, ಹೊತ್ತಿಕೊಂಡರೆ ಮುಚ್ಚಬೇಕು, ನೀರು ಸುರಿಯಬಾರದು. ಈ ಉಕ್ಕನ್ನು ನೀರಿಗೆ ಅದ್ದುವ ಆಸೆಯೂ ಬೇಡ. ಟಿಣ್ ಎಂದು ಸಣ್ಣ ಸದ್ದು ಕೇಳಿದರೆ ಮೊನೆ ಸೀಳಿತೆಂದು ಅರ್ಥ.

ನೆರಳಿನಲ್ಲಿ ಕೆಲಸ ಮಾಡಿ, ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಮೊನೆಯಿಂದ 5 ಸೆಂ.ಮೀ. ನಿಧಾನಕ್ಕೆ ಕಾಸಿ. ಕಣ್ಣಿಟ್ಟು ನೋಡಿದರೆ ಕೆಂಪಿನೊಳಗೆ ಮಸುಕು ನೆರಳೊಂದು ಸರಿದು ಹೋಗುವುದು ಕಾಣುತ್ತದೆ. ಹರಳು ಕಟ್ಟು ಬದಲಿಸಲು ಶಾಖ ಕುಡಿಯುತ್ತಿರುವ ಜಾಗ ಅದು. ನೆರಳು ಪೂರ್ತಿ ಅಳಿಯುವವರೆಗೆ ತೆಗೆಯಬೇಡಿ. ಅಯಸ್ಕಾಂತದ ಪರೀಕ್ಷೆಯೂ ಇದೆ, ಆದರೆ ಕಬ್ಬಿಣ ಅಯಸ್ಕಾಂತವನ್ನು ಬಿಡುವುದು 770 ಡಿಗ್ರಿಗೆ, ನಮಗೆ ಬೇಕಿರುವುದು 860ರ ಆಸುಪಾಸು. ಬಿಟ್ಟ ಮೇಲೆ ಬಣ್ಣ ಇನ್ನೊಂದು ಪಟ್ಟು ಹೊಳಪಾಗಲಿ, ಒಂದೆರಡು ನಿಮಿಷ ಅಲ್ಲೇ ನಿಲ್ಲಿಸಿ.

ಇಕ್ಕಳದಲ್ಲಿ ನೆಟ್ಟಗೆ ಹಿಡಿದು ಮೊನೆಯ 3 ಸೆಂ.ಮೀ. ಎಣ್ಣೆಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಅಲ್ಲಾಡಿಸದೆ ಹಿಡಿದರೆ ಎಣ್ಣೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಅಕ್ಕಪಕ್ಕ ಬೀಸಿದರೆ ಒಂದು ಮಗ್ಗುಲು ಮೊದಲು ತಣಿದು ಚಾಣ ಬಾಗುತ್ತದೆ. 10-15 ಸೆಕೆಂಡಿನ ನಂತರ ತೆಗೆಯಿರಿ. ಮೊನೆ ತಣಿದಿರುತ್ತದೆ, ಹಿಂದಿನ ಮೈಯಲ್ಲಿ ಶಾಖ ಉಳಿದಿರುತ್ತದೆ.

ಇನ್ನು ಉಳಿದ ಅರ್ಧ ಕೆಲಸ: ಗಡಸನ್ನು ತುಸು ಇಳಿಸಿ ಪೆಡಸು ಕಳೆಯುವ ಹದ. ಇಲ್ಲಿಂದ ಕೈ ಚುರುಕಾಗಬೇಕು. ಎಣ್ಣೆ ಒರೆಸಿ, ಒಡೆದ ಸಾಣೆಕಲ್ಲಿನ ಚೂರಿನಿಂದ ಒಂದು ಮುಖವನ್ನು ಬೆಳ್ಳಗೆ ಉಜ್ಜಿ. ಎಣ್ಣೆಯ ಪಸೆ ಉಳಿದರೆ ಬಣ್ಣ ಸುಳ್ಳು ಹೇಳುತ್ತದೆ. ಹಿಂದಿನ ಶಾಖ ಮುಂದಕ್ಕೆ ಹರಿಯುತ್ತಿದ್ದಂತೆ ಬಣ್ಣದ ಪಟ್ಟೆಗಳು ಮೊನೆಯ ಕಡೆ ನಡೆದು ಬರುತ್ತವೆ: ಒಣಹುಲ್ಲಿನ ಹಳದಿ 230 ಡಿಗ್ರಿ, ಕಂದು 255, ನೇರಳೆ 280, ನೀಲಿ 300. ಮರದ ಉಳಿಗಾದರೆ ಹಳದಿಯಲ್ಲೇ ನಿಲ್ಲಿಸಬೇಕು. ಕಬ್ಬಿಣ, ಗೋಡೆ ಕಡಿಯುವ ಚಾಣಕ್ಕೆ ನೇರಳೆ ಕಳೆದು ನೀಲಿ ಇಣುಕುವಾಗ ಮೊನೆಯನ್ನು ಮತ್ತೆ ಎಣ್ಣೆಗೆ ಅದ್ದಿ. ಇಡೀ ಚಾಣ ಮುಳುಗಿಸಬೇಡಿ. ಮೈ ಇನ್ನೂ ಕೆಂಪಗಿದ್ದರೆ ಅದೂ ಗಡಸಾಗಿ, ಹೊಡೆತಕ್ಕೆ ನಡುವೆ ಮುರಿಯುತ್ತದೆ. ಬಣ್ಣ ಹಳದಿಯಲ್ಲೇ ನಿಂತುಬಿಟ್ಟರೆ ಕಾದ ಕಬ್ಬಿಣದ ದಿಮ್ಮಿಯ ಮೇಲೆ ಚಾಣದ ಮೈ ಇಟ್ಟು ಹಿಂದಿನಿಂದ ಶಾಖ ಕೊಡಿ. ಉರಿಯನ್ನು ಮೊನೆಗೆ ನೇರ ಹಿಡಿಯಬಾರದು. ಬಣ್ಣ ಮೊನೆ ದಾಟಿ ಬೂದು ಆಯಿತೇ? ಮತ್ತೆ ಒಮ್ಮೆ ಕಾಸಿ ಗಾಳಿಯಲ್ಲಿ ಆರಿಸಿ, ಗಡಸು ಕೊಡುವುದರಿಂದ ಶುರು ಮಾಡಿ. ಹೀಗೆ ಹದ ಮಾಡದೆ ಗಡಸು ಚಾಣವನ್ನು ರಾತ್ರಿಯಿಡೀ ಬಿಡಬೇಡಿ, ಬೆಳಿಗ್ಗೆ ತಾನಾಗಿ ಸೀಳಿರಬಹುದು.

ಮೊನೆಯನ್ನು 60 ಡಿಗ್ರಿ ಕೋನಕ್ಕೆ ಸಾಣೆ ಹಿಡಿಯಿರಿ, ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದುತ್ತಾ. ಸಾಣೆಯಲ್ಲಿ ನೀಲಿ ಕಲೆ ಎದ್ದರೆ ಅಷ್ಟು ಜಾಗದ ಹದ ಇಳಿದಿದೆ. 6 ಮಿ.ಮೀ. ಮೆದು ಕಬ್ಬಿಣದ ಪಟ್ಟಿಯ ಮೇಲೆ ಹತ್ತು ಏಟು ಹೊಡೆದು ಮೊನೆ ನೋಡಿ. ಮಡಚಿದ್ದರೆ ಮೊದಲು ಅರ್ಧ ಮಿ.ಮೀ. ಉಜ್ಜಿ ಮತ್ತೆ ಪರೀಕ್ಷಿಸಿ. ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗಿ ಒಳಗಿನದು ಚೆನ್ನಾಗಿರುವುದೇ ಹೆಚ್ಚು.

ಚಾಣದ ತಲೆಗೆ ಗಡಸು ಬೇಡ, ಅದು ಮೆದುವಾಗಿಯೇ ಇರಬೇಕು. ಏಟು ತಿಂದು ಅಂಚು ಅಣಬೆಯಂತೆ ಅರಳಿದ ಕೂಡಲೇ ಸಾಣೆಗೆ ಹಿಡಿದು ಇಳಿಜಾರಾಗಿ ತೆಗೆಯಿರಿ. ಕಣ್ಣಿಗೆ ಹಾರುವ ಚೂರು ಮೊನೆಯಿಂದಷ್ಟೇ ಅಲ್ಲ, ಆ ಅಂಚಿನಿಂದಲೂ ಬರುತ್ತದೆ.